ಕೊತ್ತಂಬರಿಗೆ ಚೌಕಾಶಿ, ಕಂಪನಿಗೆ ಸಾಷ್ಟಾಂಗ

ನಮ್ಮವರಿಗೆ ಚೌಕಾಶಿ ಮಾಡಲು ಬಾರದು ಎಂದು ಯಾರಾದರೂ ಅಂದರೆ ನಾನು ಒಪ್ಪುವವನಲ್ಲ. ಸಂಶಯವಿದ್ದವರು ಸಂಜೆ ಏಳರ ಸುಮಾರಿಗೆ ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಸ್ಟೇಶನ್ನಿನ ಹೊರಗೆ ಐದು ನಿಮಿಷ ನಿಂತು ನೋಡಬೇಕು. ಲೋಕಲ್ ಗಾಡಿಯಿಂದ ಬೆವರೊರೆಸಿಕೊಳ್ಳುತ್ತ ಇಳಿದ ನಮ್ಮ ಕನ್ನಡಿಗ ಮಹಾಶಯರು, ಗೋಣಿ ಹಾಸಿ ಕುಳಿತ ಮುದುಕಿಯೊಡನೆ ವಾದ ಹೂಡಿ ಹದಿನೈದು ರೂಪಾಯಿಯ ಕೊತ್ತಂಬರಿ ಕಟ್ಟನ್ನು ಹತ್ತಕ್ಕಿಳಿಸಿ, ಮೇಲೆ ನಾಲ್ಕು ಹಸಿಮೆಣಸಿನಕಾಯಿ ಪುಕ್ಕಟೆ ಹಾಕಿಸಿಕೊಂಡು, ರಾಜ್ಯ ಗೆದ್ದವರಂತೆ ಮನೆಯ ದಾರಿ ಹಿಡಿಯುತ್ತಾರೆ. ರದ್ದಿಯವನು ಬಂದರೆ ಮನೆಮಂದಿಯ ಕಣ್ಣೆಲ್ಲ ತಕ್ಕಡಿಯ ಮುಳ್ಳಿನ ಮೇಲೆ. ಅದೇ ಮನೆಗೆ ಪ್ರತಿ ತಿಂಗಳೂ ಇಂಟರ್‌ನೆಟ್ಟಿನ ಬಿಲ್ಲು ಬರುತ್ತದೆ, ಟೀವಿಯದು ಬರುತ್ತದೆ, ನಾಲ್ಕು ಮೊಬೈಲುಗಳ ಖರ್ಚು ಬರುತ್ತದೆ, ಗೃಹಸಾಲದ ಕಂತು ಬರುತ್ತದೆ. ಅವನ್ನು ಬಿಡಿಸಿ ಓದಿದವರು ಎಷ್ಟು ಮಂದಿ? ಬ್ಯಾಂಕಿಗೆ ಒಮ್ಮೆ ಹೇಳಿಟ್ಟದ್ದಾಗಿದೆ. ದುಡ್ಡು ತಾನಾಗಿಯೇ ಕತ್ತರಿಸಿ ಹೋಗುತ್ತದೆ.

ನಮಗಿಂತ ಬಡವನಾದವನು ಬೆಲೆ ಹೇಳಿದರೆ ಅಲ್ಲಿಂದ ಮಾತು ಶುರು. ನಮಗಿಂತ ಬಲ್ಲಿದನಾದವನು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಮೊದಲನೆಯದನ್ನು ನಾವು ಜಾಣತನ ಎನ್ನುತ್ತೇವೆ, ಎರಡನೆಯದನ್ನು ಮರ್ಯಾದೆ ಎನ್ನುತ್ತೇವೆ. ಈ ಎರಡು ಹೆಸರುಗಳನ್ನೂ ಅದಲುಬದಲು ಮಾಡಬೇಕೆಂಬುದೇ ಈ ಬರೆಹದ ತಕರಾರು.

ನಮ್ಮ ಸಂಘವೇನೂ ಇದಕ್ಕೆ ಹೊರತಲ್ಲ. ಕಳೆದ ಮಹಾಸಭೆಯಲ್ಲಿ ಉಪ್ಪಿಟ್ಟು-ಚಹಾದ ಖರ್ಚಿನ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಅಡಿಗೆಯವನು ತಲೆಗೆ ಎರಡು ರೂಪಾಯಿ ಹೆಚ್ಚು ಹಾಕಿದ್ದಾನೆಂದು ಒಬ್ಬ ಸದಸ್ಯರು ಮೇಜು ಗುದ್ದಿದರು. ಕಚೇರಿಯ ಟೆಲಿಫೋನು ಮತ್ತು ಇಂಟರ್‌ನೆಟ್ಟಿನ ಇಡೀ ವರ್ಷದ ಖರ್ಚು ಒಂದೇ ಸಾಲಿನಲ್ಲಿತ್ತು. ಅಧ್ಯಕ್ಷರು ಓದಿದರು, ಸಭೆ ತಲೆಯಾಡಿಸಿತು, ಮಂಜೂರಾಯಿತು.

ಈ ಮಾತನ್ನು ಎತ್ತಿದಾಗ ಒಬ್ಬ ಹಿರಿಯರು, "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಪ್ಪಾ" ಎಂದು ನನ್ನ ಬಾಯಿ ಮುಚ್ಚಿಸಿದರು. ಗಾದೆ ಸರಿಯಾದದ್ದೇ. ಆದರೆ ಅಡಿಕೆ ಯಾವುದು, ಆನೆ ಯಾವುದು ಎಂದು ನೋಡಬೇಡವೇ? ಹಗಲಿಡೀ ಬಿಸಿಲಲ್ಲಿ ಕುಳಿತ ಮುದುಕಿಯ ಐದು ರೂಪಾಯಿ ಅಡಿಕೆ. ಅಲ್ಲಿ ಹೋಗದ ಮಾನ, ಕಂಪನಿಗೆ ಫೋನು ಮಾಡಿ ದರ ಕೇಳಿದರೆ ಹೇಗೆ ಹೋದೀತು? ಇನ್ನೊಬ್ಬರು ಮುಂದಿಟ್ಟ ಕಾರಣ ಬೇರೆ: "ನಾವು ಪರಊರಿನವರು, ಸುಮ್ಮನೆ ಗಲಾಟೆ ಯಾಕೆ?" ಮೂವತ್ತು ವರ್ಷ ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲೇ ಓದಿಸಿ, ಸೊಸೈಟಿಯಲ್ಲಿ ಮನೆ ಕೊಂಡವರು ಬಿಲ್ಲು ಬಂದಾಗ ಮಾತ್ರ ಪರಊರಿನವರಾಗುತ್ತಾರೆ! ಈ ಊರಿನಲ್ಲಿ ಎಲ್ಲರೂ ಒಂದಲ್ಲ ಒಂದು ತಲೆಮಾರಿನಲ್ಲಿ ಪರಊರಿನವರೇ. ಗುಜರಾತಿ ನೆರೆಯವರನ್ನು ಕೇಳಿ ನೋಡಿ. ಕೇಳದೆ ಕೊಟ್ಟ ದುಡ್ಡಿಗೆ ಅವರ ಭಾಷೆಯಲ್ಲಿ ಮರ್ಯಾದೆಯೆಂಬ ಅರ್ಥ ಇರಲಾರದು.

ನಿಜವಾದ ತೊಡಕು ಬೇರೆಡೆ ಇದೆ. ಅಚ್ಚಾದ ಅಂಕಿಯೆಂದರೆ ನಮಗೆ ಶಾಸನ. ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಕಾಗದ ತಿರುವುತ್ತಿರುವ ಗುಮಾಸ್ತ. ಈ ಕೆಲಸದಿಂದ ಮತ್ತೇನು ಬರದಿದ್ದರೂ ಒಂದು ಅಭ್ಯಾಸವಂತೂ ಬರುತ್ತದೆ: ಯಾವ ಕಾಗದ ಬಂದರೂ ಮೊದಲು ಅದು ಗೆಜೆಟ್ಟೋ ಬರೀ ಸುತ್ತೋಲೆಯೋ ಎಂದು ನೋಡುವುದು. ಮನೆಗೆ ಬರುವ ಬಿಲ್ಲುಗಳಲ್ಲೂ ಈ ಎರಡು ಜಾತಿಗಳಿವೆ. ವಿದ್ಯುತ್ತಿನ ದರವನ್ನು ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಪಡಿಸುತ್ತದೆ. ಅಲ್ಲಿ ಚೌಕಾಶಿ ನಡೆಯದು. ಕೌಂಟರಿನಲ್ಲಿ ಕುಳಿತವನ ಮೇಲೆ ಕೂಗಾಡುವುದು ಗಂಟಲಿಗೆ ನೋವು, ಅಷ್ಟೆ. ಇಂಟರ್‌ನೆಟ್ಟು, ಮೊಬೈಲುಗಳ ಮಾತು ಹಾಗಲ್ಲ. ಅವುಗಳ ದರವನ್ನು ಬಹುಮಟ್ಟಿಗೆ ಕಂಪನಿಗಳ ಇಚ್ಛೆಗೇ ಬಿಟ್ಟಿದೆ. ಕಂಪನಿ ತನ್ನ ಇಚ್ಛೆಯಿಂದ ಬರೆದದ್ದನ್ನು ನಿಮ್ಮ ಇಚ್ಛೆಯಿಂದ ನಿರಾಕರಿಸಬಹುದು. ಇಷ್ಟು ತಿಳಿಯಲು ಬಿ.ಎಸ್‌ಸಿ. ಕೂಡ ಬೇಕಿಲ್ಲ.

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಪತ್ನಿ ಒಬ್ಬರೇ ಇದ್ದಾರೆ. ನಮಗೆಲ್ಲ ಅವರು ಕಾಕೂ. ಮಾಸ್ತರರು ಹೋಗಿ ಆರು ವರ್ಷವಾಯಿತು. ಮಗ ಪರದೇಶದಲ್ಲಿ. ಭಾನುವಾರ ಅರ್ಧ ಗಂಟೆ ಮೊಮ್ಮಗನ ಮುಖ ನೋಡಲೆಂದೇ ಮನೆಯಲ್ಲಿ ಇಂಟರ್‌ನೆಟ್ಟು ಉಳಿಸಿಕೊಂಡಿದ್ದಾರೆ. ಅವರ ತಿಂಗಳ ಬಿಲ್ಲು 799 ರೂಪಾಯಿ, ಮೇಲೆ ಶೇಕಡಾ 18 ತೆರಿಗೆ, ಒಟ್ಟು 943. ಅದೇ ಮಹಡಿಯಲ್ಲಿ ಕಳೆದ ವರ್ಷ ಬಾಡಿಗೆಗೆ ಬಂದ ಹುಡುಗರು ಅದೇ ಕಂಪನಿಗೆ ಕಟ್ಟುತ್ತಿದ್ದುದು 499, ತೆರಿಗೆ ಸೇರಿ 589. ಅವರಿಗೆ ಸಿಗುತ್ತಿದ್ದ ವೇಗ ಕಾಕೂ ಅವರದಕ್ಕಿಂತ ಎರಡು ಪಟ್ಟು. ತಂತಿ ಒಂದೇ, ಪೆಟ್ಟಿಗೆ ಒಂದೇ, ಗೋಡೆ ಕೂಡ ಒಂದೇ. ತಿಂಗಳಿಗೆ 354ರ ವ್ಯತ್ಯಾಸ, ವರ್ಷಕ್ಕೆ 4,248.

ಕಾಕೂ ಅವರಿಗೆ ಹಿಂದಿ ಅಷ್ಟಕ್ಕಷ್ಟೆ. ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಾನೇ ಫೋನು ಹಚ್ಚಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಬಂದ ಹುಡುಗಿ, "ಮೇಡಮ್ ನಮ್ಮ ಒಂಬತ್ತು ವರ್ಷದ ಗ್ರಾಹಕರು" ಎಂದು ಬಹಳ ಅಕ್ಕರೆಯಿಂದ ಹೇಳಿದಳು. ಹಾಗಾದರೆ ನಿನ್ನೆ ಮೊನ್ನೆ ಬಂದವರ ದರ ಒಂಬತ್ತು ವರ್ಷದವರಿಗೆ ಯಾಕಿಲ್ಲ ಎಂದೆ. ಅವರ ಪ್ಲಾನು ಹಳೆಯದು, ಅದಕ್ಕೆ ಅದೇ ದರ ಎಂದಳು. ಸರಿ, ಹಾಗಿದ್ದರೆ ಸಂಪರ್ಕ ತೆಗೆಸಿಬಿಡುತ್ತೇವೆ, ಅರ್ಜಿ ಬರೆದುಕೊಳ್ಳಿ ಎಂದೆ. ಆ ಒಂದು ವಾಕ್ಯಕ್ಕೆ ಕಂಪನಿಯೊಳಗೆ ಬೇರೆಯೇ ಒಂದು ಬಾಗಿಲಿದೆ, ಸ್ವಾಮಿ! ಕೂಡಲೇ ಇನ್ನೊಂದು ವಿಭಾಗಕ್ಕೆ ಕೊಟ್ಟರು. ಅಲ್ಲಿಯ ಗಂಡಸಿನ ದನಿ ಎರಡೇ ನಿಮಿಷದಲ್ಲಿ 499ರ ಪ್ಲಾನನ್ನು ಹುಡುಕಿ ತೆಗೆಯಿತು. ಅದೇನೂ ಗುಟ್ಟಿನ ಕೊಡುಗೆಯಲ್ಲ, ಕಂಪನಿಯ ದರಪಟ್ಟಿಯಲ್ಲೇ ಇದ್ದದ್ದು. ಯಾರೂ ಕಾಕೂ ಅವರಿಗೆ ಹೇಳಿರಲಿಲ್ಲ, ಅಷ್ಟೆ.

ನಾನು ಗೆದ್ದ ಖುಷಿಯಲ್ಲಿದ್ದೆ. ಕಾಕೂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಇಷ್ಟು ದಿವಸ ತಗೊಂಡಿದ್ದು? ನಾ ಒಂದ್ ದಿವಸಾನೂ ತಡಾ ಮಾಡಿಲ್ಲಲ್ಲಪಾ" ಎಂದರು.

ಅದಕ್ಕೆ ಉತ್ತರ ಕೊಡಬೇಕಾದವರು ಫೋನು ಇಟ್ಟಾಗಿತ್ತು. ಆ ದುಡ್ಡು ವಾಪಸು ಬರುವುದೂ ಇಲ್ಲ.

ನನ್ನ ಸಿಟ್ಟೆಲ್ಲ ಈ ಮಾತಿನ ಸುತ್ತಲೇ ಇದೆ. ಒಂದೇ ಸರಕಿಗೆ ಎರಡು ದರ: ಕೇಳಿದವನಿಗೊಂದು, ಕೇಳದವನಿಗೊಂದು. ಹೊಸ ಗ್ರಾಹಕನನ್ನು ಎಳೆಯಲು ಇಳಿಸಿದ ದರದ ಭಾರವನ್ನು ಹೊರುವವರು ಯಾರು? ತಡಮಾಡದೆ ಕಟ್ಟುವವರು, ಬಿಟ್ಟುಹೋಗದವರು, ಅಂದರೆ ವಯಸ್ಸಾದವರು, ಒಂಟಿಯಾಗಿರುವವರು, ಭಾಷೆ ಬಾರದವರು. ನಾವು ಮರ್ಯಾದೆ ಎಂದುಕೊಂಡ ಮೌನವನ್ನು ಕಂಪನಿಯವರು ಲೆಕ್ಕದ ಪುಸ್ತಕದಲ್ಲಿ ಜಮೆ ಹಿಡಿದಿರುತ್ತಾರೆ. ಎಲ್ಲರಿಗೂ ಒಂದೇ ದರವಿದ್ದರೆ ಚೌಕಾಶಿಯ ಅಗತ್ಯವೇ ಇರಲಿಲ್ಲ. ಅದು ಬಲು ಒಳ್ಳೆಯ ವಿದ್ಯೆಯೆಂದು ನಾನೂ ಹೊಗಳುತ್ತಿಲ್ಲ. ಆದರೆ ಆಟದ ನಿಯಮ ಹೀಗಿರುವಾಗ ಆಡದೆ ಕುಳಿತವನದು ವಿರಕ್ತಿಯಾಗುವುದಿಲ್ಲ, ಬರೀ ಸೋಲಾಗುತ್ತದೆ.

ಮೊಬೈಲಿನಲ್ಲಿ ಮಾತಿಗಿಂತ ಕಾಲು ಹೆಚ್ಚು ಕೆಲಸ ಮಾಡುತ್ತದೆ. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರು ಬದಲಿಸದೆ ಕಂಪನಿ ಬದಲಿಸುವ ಹಕ್ಕು ನಮಗಿದೆ. 2015ರ ಜುಲೈ 3ರಿಂದ ರಾಜ್ಯದ ಗಡಿ ದಾಟಿದರೂ ಅದೇ ನಂಬರು ಉಳಿಯುತ್ತದೆ. ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ವರ್ಗವಾಗಿ ಬಂದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು? ಪೋರ್ಟ್ ಎಂದು ಬರೆದು ನಿಮ್ಮ ನಂಬರನ್ನು 1900ಕ್ಕೆ ಕಳಿಸಿದರೆ ಕೋಡು ಬರುತ್ತದೆ. ಮನಸ್ಸು ಬದಲಾದರೆ ಅವಧಿ ಮುಗಿದು ಅದು ತಾನಾಗಿ ರದ್ದಾಗುತ್ತದೆ, ನಷ್ಟವೇನಿಲ್ಲ. ಆದರೂ "ಇದೇ ಇರಲಿ ಬಿಡಿ" ಎನ್ನುವ ನಮ್ಮವರ ನಿಷ್ಠೆ ನೋಡಿದರೆ ಹಿಂದಿನ ಅರಸರು ಸಹ ಹೊಟ್ಟೆಕಿಚ್ಚು ಪಡಬೇಕು.

ಈ 28 ದಿನದ ತಿಂಗಳಿನ ಲೆಕ್ಕವನ್ನೂ ಒಮ್ಮೆ ಮಾಡಿ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ಪಂಚಾಂಗದಲ್ಲಿ ಹನ್ನೆರಡು ತಿಂಗಳಿದ್ದರೆ ಮೊಬೈಲಿನವರ ವರ್ಷಕ್ಕೆ ಹದಿಮೂರು! ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರಲು ಎರಡೂವರೆ ವರ್ಷಕ್ಕೂ ಮೇಲೆ ಕಾಯಬೇಕು. ಇವರಿಗೆ ಪ್ರತಿ ವರ್ಷವೂ ಅಧಿಕ ಮಾಸ. 299 ರೂಪಾಯಿಯ ಪ್ಯಾಕು ಹಾಕಿಸುವ ನಾಲ್ವರ ಮನೆಯಲ್ಲಿ ಈ ಹದಿಮೂರನೆಯ ತಿಂಗಳಿಗೇ 1,196 ರೂಪಾಯಿ ಹೋಗುತ್ತದೆ. ಕನಿಷ್ಠ ಒಂದು ಪ್ಯಾಕಾದರೂ 30 ದಿನದ್ದಿರಬೇಕು, ಪ್ರತಿ ತಿಂಗಳೂ ಅದೇ ತಾರೀಕಿಗೆ ಬರುವಂಥದೂ ಒಂದಿರಬೇಕು ಎಂದು ಟ್ರಾಯ್ 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ದರ ಮಾತ್ರ ಕಂಪನಿಗಳದೇ; ಆದ್ದರಿಂದ ಎರಡನ್ನೂ ದಿನಕ್ಕೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಿಯೇ ಆರಿಸಬೇಕು. ಊರಿನಲ್ಲಿರುವ ತಾಯಿಯವರ ಗುಂಡಿ ಒತ್ತುವ ಫೋನಿಗೆ ನೀವು ಇಲ್ಲಿಂದ ದಿನಕ್ಕೆ ಒಂದೂವರೆ ಜಿಬಿ ಇಂಟರ್‌ನೆಟ್ಟು ತುಂಬಿಸುತ್ತಿದ್ದೀರಾ? ಇಂಟರ್‌ನೆಟ್ಟಿಲ್ಲದ, ಬರೀ ಮಾತು ಮತ್ತು ಸಂದೇಶಗಳ ಪ್ಯಾಕನ್ನೂ ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿದೆ. ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ, ಕೇಳಬೇಕು.

ಟೀವಿಯ ವಿಷಯದಲ್ಲಿ ನಮಗೆ, ಅಂದರೆ ಹೊರನಾಡಿನವರಿಗೆ, ಒಂದು ವಿಶೇಷ ದಂಡವಿದೆ. ಕೇಬಲ್ಲಿನವನು ಹಿಂದಿ-ಮರಾಠಿಯ ದೊಡ್ಡ ಗಂಟೊಂದನ್ನು ಕಟ್ಟಿ, ನಾವು ನಿಜವಾಗಿ ನೋಡುವ ಎರಡು-ಮೂರು ಕನ್ನಡ ವಾಹಿನಿಗಳನ್ನು ಅದರ ಮೇಲೆ ಒಗ್ಗರಣೆಯಂತೆ ಹಾಕಿ, ಎರಡಕ್ಕೂ ದುಡ್ಡು ತೆಗೆದುಕೊಳ್ಳುತ್ತಾನೆ. 2019ರ ಫೆಬ್ರುವರಿ 1ರಂದು ಹೊಸ ವ್ಯವಸ್ಥೆ ಬಂದ ಮೇಲೆ ಪ್ರತಿ ವಾಹಿನಿಗೂ ಬಿಡಿ ಬೆಲೆ ಉಂಟು, ಬೇಕಾದ್ದನ್ನಷ್ಟೇ ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕೂ ಉಂಟು. ಗಂಟು ಬೇಡ, ಬಿಡಿ ಕೊಡು ಎಂದು ಹೇಳಿದ ನಮ್ಮವರು ಎಷ್ಟು? ಯಾರೂ ಕ್ರಿಕೆಟ್ ನೋಡದ ಮನೆಯಲ್ಲಿ ನಾಲ್ಕು ಆಟದ ವಾಹಿನಿಗಳಿಗೆ ಕಾಣಿಕೆ ಹೋಗುತ್ತಿರುತ್ತದೆ.

ವಿದ್ಯುತ್ತಿನ ದರದಲ್ಲಿ ಚೌಕಾಶಿಯಿಲ್ಲ ಎಂದೆ, ಹಕ್ಕು ಇಲ್ಲವೆನ್ನಲಿಲ್ಲ. ಇಲ್ಲಿ ನಮ್ಮವರ ಅಜ್ಞಾನ ಇನ್ನೂ ದೊಡ್ಡದು. 2003ರ ವಿದ್ಯುತ್ ಕಾಯಿದೆಯ 47ನೆಯ ಕಲಮಿನ ಪ್ರಕಾರ ನೀವಿಟ್ಟ ಭದ್ರತಾ ಠೇವಣಿಗೆ ಬಡ್ಡಿ ಕೊಡಬೇಕು; ಬಿಲ್ಲಿನಲ್ಲಿ ಅದು ಜಮೆಯಾಯಿತೇ ಎಂದು ಯಾರಾದರೂ ನೋಡಿದ್ದುಂಟೇ? 56ನೆಯ ಕಲಮಿನಂತೆ, ಬಾಕಿಯೆಂದು ಲೈಟು ಕತ್ತರಿಸುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಬಿಲ್ಲು ತಪ್ಪೆಂದು ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ಸಾಕು. ತಕರಾರು ತೀರುವತನಕ ಕತ್ತರಿಸುವಂತಿಲ್ಲ. ಎರಡು ವರ್ಷಗಳಿಂದ ಬಿಲ್ಲಿನಲ್ಲಿ ಸತತವಾಗಿ ತೋರಿಸದ ಹಳೆಯ ಬಾಕಿಯನ್ನು ಇದ್ದಕ್ಕಿದ್ದಂತೆ ಕೇಳುವಂತಿಲ್ಲ. ಕಂಪನಿಯೊಳಗೆ ನ್ಯಾಯ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಲೋಕಪಾಲರಂಥ ಓಂಬುಡ್ಸ್‌ಮನ್. ಇದಿಷ್ಟೂ ಗೆಜೆಟ್ಟಿನಲ್ಲೇ ಇದೆ.

2020ರ ಜೂನ್ ನೆನಪಿರಬೇಕು. ಲಾಕ್‌ಡೌನಿನಲ್ಲಿ ಮೀಟರು ಓದದೆ ಸರಾಸರಿಯ ಮೇಲೆ ಬಿಲ್ಲು ಕೊಟ್ಟು, ಆಮೇಲೆ ಒಮ್ಮೆಗೇ ಓದಿದಾಗ ಮುಂಬಯಿಯ ಮನೆಮನೆಗೆ ಬೆಟ್ಟದಂಥ ಬಿಲ್ಲುಗಳು ಬಂದವು. ಊರೆಲ್ಲ ಕೂಗೆದ್ದ ಮೇಲೆ ಕಂತುಗಳಲ್ಲಿ ಕಟ್ಟುವ ಅನುಕೂಲ ಸಿಕ್ಕಿತು. ನಮ್ಮ ಪರಿಚಯದ ಎರಡು ಕನ್ನಡ ಮನೆಗಳವರು ಆ ಸುದ್ದಿ ಬರುವ ಮೊದಲೇ, ಎಫ್‌ಡಿ ಮುರಿದು ಪೂರ್ತಿ ಕಟ್ಟಿ ಹಗುರಾಗಿದ್ದರು.

ಇನ್ನು ಮನೆಯ ಅತಿ ದೊಡ್ಡ ಬಿಲ್ಲೆಂದರೆ ಗೃಹಸಾಲದ ಕಂತು. ಬಡ್ಡಿ ಕಟ್ಟುವ ಕ್ರಮವನ್ನು ರಿಸರ್ವ್ ಬ್ಯಾಂಕು 2010ರಲ್ಲಿ ಬದಲಿಸಿತು, 2016ರಲ್ಲಿ ಬದಲಿಸಿತು, 2019ರ ಅಕ್ಟೋಬರ್ 1ರಿಂದ ಹೊಸ ಬದಲಾಗುವ ಬಡ್ಡಿಯ ಸಾಲಗಳನ್ನು ಹೊರಗಿನ ಮಾನದಂಡಕ್ಕೆ ಜೋಡಿಸುವಂತೆ ಬ್ಯಾಂಕುಗಳಿಗೆ ಹೇಳಿತು. ಆದರೆ ಹಳೆಯ ಸಾಲಗಾರ ತಾನಾಗಿ ಅರ್ಜಿ ಕೊಡದಿದ್ದರೆ ಹಳೆಯ ಪದ್ಧತಿಯಲ್ಲೇ ಉಳಿದುಬಿಡುತ್ತಾನೆ. 2025ರ ಫೆಬ್ರುವರಿಯಿಂದ ಜೂನಿನೊಳಗೆ ರೆಪೊ ದರ 6.5ರಿಂದ 5.5ಕ್ಕೆ ಇಳಿಯಿತು, ನಿಮ್ಮ ಬಡ್ಡಿ ಎಷ್ಟು ಇಳಿಯಿತು? 25 ಲಕ್ಷ ಬಾಕಿ, 15 ವರ್ಷ ಉಳಿದಿದೆ ಎಂದಿಟ್ಟುಕೊಳ್ಳಿ. ಒಂಬತ್ತೂವರೆಗೂ ಎಂಟೂವರೆಗೂ ತಿಂಗಳ ಕಂತಿನಲ್ಲಿ ಸುಮಾರು 1,487 ರೂಪಾಯಿ ವ್ಯತ್ಯಾಸ. ಕೊನೆಯವರೆಗೆ ಎಣಿಸಿದರೆ ಎರಡೂವರೆ ಲಕ್ಷಕ್ಕೂ ಮೇಲೆ. ಎಷ್ಟು ಸಾವಿರ ಕೊತ್ತಂಬರಿ ಕಟ್ಟು ಎಂಬ ಲೆಕ್ಕ ನೀವೇ ಮಾಡಿಕೊಳ್ಳಿ. ಬ್ಯಾಂಕಿಗೆ ಹೋಗಿ "ಹೊಸ ಸಾಲಗಾರರಿಗೆ ಎಷ್ಟು? ನನಗೆ ಯಾಕಿಲ್ಲ? ಇಲ್ಲದಿದ್ದರೆ ಬೇರೆ ಬ್ಯಾಂಕಿಗೆ ವರ್ಗಾಯಿಸುತ್ತೇನೆ" ಎನ್ನಲು ಹತ್ತು ನಿಮಿಷ ಸಾಕು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು 2012ರಲ್ಲೇ ಆದೇಶವಾಗಿದೆ. ಆದ್ದರಿಂದ ಅದು ಬರಿ ಬೆದರಿಕೆಯೂ ಅಲ್ಲ.

"ಡಿ.ಎ. ಬರುವ ನೌಕರರು ನೀವು, ನಿಮಗೆ ಪುರುಸೊತ್ತಿದೆ. ನಮಗೆ ಫೋನು ಹಿಡಿದು ಕೂಡಲು ಸಮಯವೆಲ್ಲಿ?" ಎನ್ನುವವರೂ ಇದ್ದಾರೆ. ಕಾಕೂ ಅವರ ಫೋನಿಗೆ ಹಿಡಿದದ್ದು ಒಟ್ಟು ನಲವತ್ತು ನಿಮಿಷ, ಉಳಿದದ್ದು ವರ್ಷಕ್ಕೆ 4,248. ನಲವತ್ತು ನಿಮಿಷಕ್ಕೆ ಇದಕ್ಕಿಂತ ಹೆಚ್ಚು ದುಡಿಯುವವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಫೋನಿನ ಆ ಕಡೆ ಇರುವ ಹುಡುಗಿಯ ಮೇಲೆ ರೇಗಬಾರದು. ಅವಳು ಕಂಪನಿಯಲ್ಲ. ಅವಳೂ ನಮ್ಮಂತೆಯೇ ಎಲ್ಲಿಂದಲೋ ಬಂದು ಪಾಳಿಯಲ್ಲಿ ದುಡಿಯುತ್ತಿರಬಹುದು. ಕೊತ್ತಂಬರಿಯ ಮುದುಕಿಯ ಮೇಲೆ ತೀರಿಸುವ ಪೌರುಷವನ್ನು ಇವಳ ಮೇಲೆ ತೀರಿಸಿದರೆ ನಾವು ಇದ್ದಲ್ಲಿಯೇ ಇದ್ದೇವೆಂದು ಅರ್ಥ. ಮೆಲ್ಲಗೆ ಮಾತಾಡಿ, ದೂರಿನ ನಂಬರು ಬರೆದುಕೊಳ್ಳಿ, ತಾರೀಕು ಬರೆದುಕೊಳ್ಳಿ. ಕೆಲಸವಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ. ಅದರಾಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ; ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಭಾಷೆ ಬಾರದೆಂಬ ನೆಪ ಅಲ್ಲಿಗೆ ಮುಗಿಯಿತು.

ಒಬ್ಬೊಬ್ಬರೇ ಕೇಳುವುದರಲ್ಲಿ ಒಂದು ಕೊರತೆ ಇದ್ದೇ ಇದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ, ನಿಜ, ಬಾಯಿಲ್ಲದವರ ಗತಿ? ನಾನು ದರ ಇಳಿಸಿಕೊಂಡೆನೆಂದು ಹಿಗ್ಗುವಾಗ ನನ್ನ ಮೇಲಿನ ಮನೆಯವರು ಹಳೆಯ ದರವನ್ನೇ ಕಟ್ಟುತ್ತಿರುತ್ತಾರೆ. ಈ ಊರಿನಲ್ಲೇ 1975ರಲ್ಲಿ ಹುಟ್ಟಿದ ಮುಂಬಯಿ ಗ್ರಾಹಕ ಪಂಚಾಯತು ಮಾಡಿದ್ದೇನು? ನೆರೆಹೊರೆಯ ಹಲವು ಮನೆಗಳು ಒಂದು ಗುಂಪಾಗಿ, ತಿಂಗಳ ದಿನಸಿಯನ್ನು ಸಗಟಿನಲ್ಲಿ ತರಿಸಿ, ತಾವೇ ಹಂಚಿಕೊಂಡರು. ಗುಂಪಿನಲ್ಲಿ ಮಾತುಗಾರರೂ ಮೌನಿಗಳೂ ಒಂದೇ ದರದಲ್ಲಿ ಅಕ್ಕಿ ಬೇಳೆ ಪಡೆದರು. ಇಂಟರ್‌ನೆಟ್ಟಿಗೂ ಹೀಗೆಯೇ ಮಾಡಬಹುದು. ನಲವತ್ತು ಮನೆಗಳ ಸೊಸೈಟಿಯ ಕಾರ್ಯದರ್ಶಿ ಎರಡು ಕಂಪನಿಗಳಿಂದ ಲಿಖಿತ ದರ ಕೇಳಿದರೆ ಅವರೇ ಮೆಟ್ಟಿಲು ಹತ್ತಿ ಬರುತ್ತಾರೆ. ಆಗ ಯಾವ ಕಾಕೂ ಫೋನು ಹಿಡಿದು ಕೂಡಬೇಕಿಲ್ಲ.

ನಮ್ಮ ಸಂಘ ಯುಗಾದಿಗೆ ಹಾಡು, ರಾಜ್ಯೋತ್ಸವಕ್ಕೆ ಭಾಷಣ, ನಡುವೆ ಒಂದು ನಾಟಕ ಮಾಡುತ್ತದೆ. ಬೇಡವೆನ್ನುವುದಿಲ್ಲ; ನಾನೂ ಮುಂದಿನ ಸಾಲಿನಲ್ಲಿ ಕುಳಿತು ನೋಡುವವನೇ. ಆದರೆ ವಯಸ್ಸಾದ ಸದಸ್ಯರ ಬಿಲ್ಲುಗಳನ್ನು ತಿಂಗಳಿಗೊಮ್ಮೆ ಓದಿಕೊಡಲು ಒಂದು ಮೇಜು, ಎರಡು ಕುರ್ಚಿ ಹಾಕುವುದು ಕನ್ನಡದ ಕೆಲಸವಲ್ಲವೆಂದು ಯಾರು ಹೇಳಿದರು? ಕಾರ್ಯಕಾರಿ ಸಮಿತಿ ಇದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಲಿ. ಹಾಗೆಯೇ ಸಂಘದ ಕಚೇರಿಯ ಇಂಟರ್‌ನೆಟ್ಟಿನ ಬಿಲ್ಲನ್ನು ಮೊದಲ ದಿನವೇ ಆ ಮೇಜಿನ ಮೇಲೆ ತಂದಿಡಲಿ.

ಸಮಿತಿ ನಿರ್ಧರಿಸುವತನಕ ಕಾಯುವ ತಾಳ್ಮೆ ನನಗಿಲ್ಲ. ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸಂಘದ ವಾಚನಾಲಯದಲ್ಲಿ ನಾನೂ ನನ್ನ ಇಬ್ಬರು ಗೆಳೆಯರೂ ಕುಳಿತಿರುತ್ತೇವೆ. ಹಿಂದಿನ ಮೂರು ತಿಂಗಳ ಬಿಲ್ಲುಗಳು, ಸಾಲವಿದ್ದರೆ ಬ್ಯಾಂಕಿನ ಖಾತೆಯ ಪಟ್ಟಿ, ಬಿಲ್ಲಿಗೆ ಜೋಡಿಸಿದ ಫೋನು ಇಷ್ಟನ್ನು ತನ್ನಿ. ಮೆಟ್ಟಿಲು ಹತ್ತಲಾಗದವರು ಹೇಳಿ ಕಳಿಸಿದರೆ ಮನೆಗೇ ಬರುತ್ತೇವೆ. ಕನ್ನಡಕ ಮರೆಯಬೇಡಿ, ಬಿಲ್ಲಿನ ಹಿಂಭಾಗದ ಅಕ್ಷರಗಳು ಬಹಳ ಸಣ್ಣವು.